ಆ ಚಿತ್ರದಲ್ಲಿ ಕೂಗುತ್ತಿದ್ದ ನಾಯಕಿಯ ಹೆಸರು ವಾಂಗ್ ಬಿಂಗ್ಯು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ಭಾನುವಾರದ ನಿಮ್ಮ ಪುರವಣಿಯ ಕೊನೆಯ ಪುಟದಲ್ಲಿ ‘ಹೀಗೂ ಆಟಗಳುಂಟು’ ಎಂಬ ತಲೆಬರಹದಡಿ ಕೆಲವು ಚಿತ್ರಗಳು ಅಚ್ಚಾಗಿದ್ದವು. ಅವುಗಳಲ್ಲಿ ಒಂದು 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್‌ನದು. ಮಂಜುಗಡ್ಡೆಯ ಅಂಕಣದ ಮೇಲೆ ಚೀನಾದ ಇಬ್ಬರು ಆಟಗಾರ್ತಿಯರು ಉದ್ದ ಹಿಡಿಯ ಬ್ರಷ್ ಹಿಡಿದು ಬಾಗಿ ಉಜ್ಜುತ್ತಿದ್ದಾರೆ, ಅವರಾಚೆ ಇನ್ನೊಬ್ಬರು ಬಾಯಿ ತೆರೆದು ಏನನ್ನೋ ಕೂಗುತ್ತಿದ್ದಾರೆ. ಚಿತ್ರದ ಕೆಳಗೆ ‘ಚೀನಾ ವನಿತೆಯರ ಹಿಡಿಸೂಡಿ ಆಟ: ಮನೆಯಲ್ಲಿ ಗುಡಿಸಿದರೆ ಬೈಗುಳ, ಇಲ್ಲಿ ಗುಡಿಸಿದರೆ ಪದಕ’ ಎಂದು ಬರೆದಿತ್ತು. ಚಿತ್ರದಲ್ಲಿದ್ದ ಒಬ್ಬರ ಹೆಸರೂ ಇರಲಿಲ್ಲ.

ನಗೆಚಾಟಿಕೆಯ ಬಗ್ಗೆ ನನ್ನ ತಕರಾರಿಲ್ಲ. ಭಾನುವಾರದ ಪುರವಣಿಯನ್ನು ಓದುಗರು ಬಿಡಿಸುವುದೇ ಸ್ವಲ್ಪ ಹಗುರಾಗಲು. ಆದರೆ ಉಡುಪಿ ತಾಲೂಕಿನ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ದುಡಿದು ನಿವೃತ್ತಳಾದ ನನಗೆ, ಕೂಗುತ್ತಿದ್ದ ಆ ಹೆಣ್ಣುಮಗಳು ಯಾರೆಂಬುದು ನೋಡಿದ ಕೂಡಲೇ ಗೊತ್ತಾಯಿತು. ಆಕೆ ಚೀನಾ ಮಹಿಳಾ ಕರ್ಲಿಂಗ್ ತಂಡದ ನಾಯಕಿ ವಾಂಗ್ ಬಿಂಗ್ಯು. ಆ ಚಿತ್ರ ತೆಗೆಯುವ ಹೊತ್ತಿಗೆ ಆಕೆ ವಿಶ್ವ ಚಾಂಪಿಯನ್ ಪಟ್ಟ ಗೆದ್ದು ಒಂದು ವರ್ಷವೂ ತುಂಬಿರಲಿಲ್ಲ. ಆ ಪಟ್ಟವನ್ನು ಅವರಿಗಿಂತ ಮೊದಲು ಏಷ್ಯಾದ ಯಾವ ತಂಡವೂ, ಗಂಡಸರದ್ದಾಗಲಿ ಹೆಂಗಸರದ್ದಾಗಲಿ, ಗೆದ್ದಿರಲಿಲ್ಲ. ಇಷ್ಟು ದೊಡ್ಡ ಆಟಗಾರ್ತಿಯೊಬ್ಬಳ ಕೆಲಸವೇನು, ಆಕೆ ಎಲ್ಲಿಂದ ಎಲ್ಲಿಗೆ ನಡೆದಳು ಎಂಬುದನ್ನು ಓದುಗರಿಗೆ ತಿಳಿಸುವ ಅವಕಾಶ ನಿಮ್ಮ ಕೈಯಲ್ಲಿತ್ತು. ಅದನ್ನು ಹಿಡಿಸೂಡಿಯ ಹಾಸ್ಯಕ್ಕೆ ಬಿಟ್ಟುಕೊಟ್ಟಿರಿ ಎಂಬುದೇ ನನ್ನ ದೂರು. ಪತ್ರ ಉದ್ದವಾಗಬಹುದು, ಸ್ಥಳಾವಕಾಶ ನೋಡಿ ಕತ್ತರಿಸುವ ಹಕ್ಕು ತಮಗಿದ್ದೇ ಇದೆ.

ಮೊದಲು ಆಟದ ಬಗ್ಗೆ ಒಂದಿಷ್ಟು. ಸುಮಾರು 45 ಮೀಟರ್ ಉದ್ದ, ಐದು ಮೀಟರಿಗಿಂತ ತುಸು ಕಡಿಮೆ ಅಗಲದ ಮಂಜುಗಡ್ಡೆಯ ಪಟ್ಟಿ ಅದರ ಅಂಕಣ. ಅಂಕಣದ ಎರಡೂ ತುದಿಗಳಲ್ಲಿ ಒಂದರೊಳಗೊಂದು ಬರೆದ ವೃತ್ತಗಳಿರುತ್ತವೆ. ಅತಿ ಹೊರಗಿನ ವೃತ್ತದ ವ್ಯಾಸ 3.66 ಮೀಟರ್. ತಂಡಕ್ಕೆ ನಾಲ್ವರು, ಒಂದು ತುದಿಯಿಂದ ಆಚೆ ತುದಿಯ ವೃತ್ತದತ್ತ ಜಾರಿಬಿಡಲು ಒಬ್ಬೊಬ್ಬರಿಗೂ ಎರಡೆರಡು ಕಲ್ಲು. ಎರಡೂ ತಂಡಗಳ ಹದಿನಾರು ಕಲ್ಲುಗಳು ಮುಗಿದರೆ ಒಂದು ‘ಎಂಡ್’ ಮುಗಿದಂತೆ. ದೊಡ್ಡ ಪಂದ್ಯಗಳಲ್ಲಿ ಇಂಥ ಹತ್ತು ಎಂಡ್‌ಗಳು. ವೃತ್ತದ ನಡುವಿನ ಬಿಂದುವಿಗೆ ಯಾರ ಕಲ್ಲು ಹತ್ತಿರವೋ ಅವರಿಗಷ್ಟೇ ಆ ಎಂಡ್‌ನ ಅಂಕ, ಎದುರಾಳಿಗೆ ಸೊನ್ನೆ. ಕೇರಂ ಆಡಿದವರಿಗೆ ಇದರ ಅರ್ಧ ಲೆಕ್ಕಾಚಾರ ಆಗಲೇ ಗೊತ್ತು: ಯಾವುದನ್ನು ಹೊಡೆದು ಹೊರಗಟ್ಟಬೇಕು, ಯಾವುದರ ಮರೆಯಲ್ಲಿ ತನ್ನದನ್ನು ಅಡಗಿಸಬೇಕು, ಎದುರಾಳಿಯ ಕೊನೆಯ ಹೊಡೆತಕ್ಕೆ ಏನನ್ನು ಉಳಿಸಬಾರದು ಎಂಬ ಲೆಕ್ಕ. ಎಂಡ್‌ನ ಕೊನೆಯ ಕಲ್ಲನ್ನು ಎಸೆಯುವ ಹಕ್ಕಿಗೆ ‘ಹ್ಯಾಮರ್’ ಎನ್ನುತ್ತಾರೆ. ಅಂಕ ಗಳಿಸಿದ ತಂಡ ಮುಂದಿನ ಎಂಡ್‌ನಲ್ಲಿ ಆ ಹಕ್ಕನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಒಂದು ಅಂಕ ಮಾತ್ರ ಸಿಗುವಂತಿದ್ದರೆ ಬೇಕೆಂದೇ ಎಲ್ಲ ಕಲ್ಲುಗಳನ್ನೂ ಹೊರಗೆ ತಳ್ಳಿ, ಸೊನ್ನೆಯಲ್ಲಿ ಎಂಡ್ ಮುಗಿಸಿ, ಹ್ಯಾಮರನ್ನು ಉಳಿಸಿಕೊಳ್ಳುವುದೂ ಉಂಟು. ಮೊದಲ ಬಾರಿ ನೋಡುವವರಿಗೆ ಇದು ಹುಚ್ಚಾಟದಂತೆ ಕಾಣುತ್ತದೆ.

ಕಲ್ಲಿನ ತೂಕ ಸುಮಾರು 20 ಕಿಲೋ. ಸ್ಕಾಟ್ಲೆಂಡಿನ ಕಡಲತೀರದಾಚೆಗಿರುವ ಐಲ್ಸಾ ಕ್ರೇಗ್ ಎಂಬ ಪುಟ್ಟ ದ್ವೀಪದ ಗ್ರಾನೈಟಿಗೆ ಈ ಆಟದಲ್ಲಿ ಮೊದಲ ಮಣೆ. ಅದರ ಕಣಗಳು ಒತ್ತಾಗಿರುವುದರಿಂದ ನೀರು ಒಳಗಿಳಿಯುವುದು ತೀರ ಕಡಿಮೆ. ಹಾಗಾಗಿ ಮಂಜಿನ ಮೇಲೆ ಎಷ್ಟು ಕಾಲ ಓಡಾಡಿದರೂ ಕಲ್ಲು ಸೀಳುವುದಿಲ್ಲ. ಕಾರ್ಕಳದಲ್ಲಿ 1432ರಲ್ಲಿ 42 ಅಡಿಯ ಬಾಹುಬಲಿಯನ್ನು ಒಂದೇ ಬಂಡೆಯಲ್ಲಿ ಕಡೆದು ನಿಲ್ಲಿಸಿದ ಜಿಲ್ಲೆಯವರು ನಾವು. ಕಲ್ಲಿಗೂ ಜಾತಿಯುಂಟು ಎಂಬುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಆ ಊರಿನ ಕರ್ಲಿಂಗ್ ಕ್ಲಬ್ಬಿನಲ್ಲಿ ನಾನು ಅಂಕಣದ ಅಂಚಿನಲ್ಲಿ ಬಗ್ಗಿ ಮಂಜುಗಡ್ಡೆಯನ್ನು ಕೈಯಿಂದ ಮುಟ್ಟಿ ನೋಡಿದ್ದೇನೆ. ಟಿವಿಯಲ್ಲಿ ಕನ್ನಡಿಯಂತೆ ನುಣುಪಾಗಿ ಕಾಣುವ ಅದು ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಪಂದ್ಯಕ್ಕೆ ಮುನ್ನ ಒಬ್ಬಾತ ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ಕೊಳವೆಯ ತುದಿಯ ಸಣ್ಣ ತೂತುಗಳಿಂದ ಹನಿಗಳನ್ನು ಎಡಕ್ಕೂ ಬಲಕ್ಕೂ ಚಿಮುಕಿಸುತ್ತಾ ಹಿಮ್ಮುಖವಾಗಿ ನಡೆಯುತ್ತಾನೆ. ಹನಿಗಳು ಬಿದ್ದಲ್ಲೇ ಹೆಪ್ಪುಗಟ್ಟಿ ಸಣ್ಣ ಗುಬುಟುಗಳಾಗುತ್ತವೆ. ಕಲ್ಲಿನ ತಳವೂ ಚಪ್ಪಟೆಯಲ್ಲ. ನಡುವೆ ಒಳಕ್ಕೆ ತಗ್ಗಿದ್ದು, ಕೆಲವೇ ಮಿಲಿಮೀಟರ್ ಅಗಲದ ಒಂದು ಉಂಗುರ ಮಾತ್ರ ಮಂಜನ್ನು ತಾಗುತ್ತದೆ. ಆ ಉಂಗುರವು ಗುಬುಟುಗಳ ತಲೆಯ ಮೇಲೆ ಸಾಗುತ್ತದೆ. ಬಿಡುವಾಗ ಕಲ್ಲಿನ ಮೇಲಿನ ಹಿಡಿಯನ್ನು ಪ್ರದಕ್ಷಿಣವಾಗಿ ತುಸು ತಿರುಗಿಸಿದರೆ ಕಲ್ಲು ಬಲಕ್ಕೆ ಬಾಗುತ್ತದೆ, ಅಪ್ರದಕ್ಷಿಣವಾದರೆ ಎಡಕ್ಕೆ. ವೇಗ ಇಳಿದಷ್ಟೂ ಬಾಗು ಹೆಚ್ಚು.

ಇನ್ನು ನಿಮ್ಮ ಹಿಡಿಸೂಡಿಯ ವಿಚಾರ. ಬ್ರಷ್ಷಿನಿಂದ ಉಜ್ಜುವುದು ಕಸ ತೆಗೆಯಲು ಅಲ್ಲವೆಂಬುದು ತಮಗೂ ಗೊತ್ತಿರಬಹುದು. ಜೋರಾಗಿ ಉಜ್ಜಿದಾಗ ಮಂಜಿನ ಮೇಲ್ಮೈ ತುಸು ಬೆಚ್ಚಗಾಗಿ ಘರ್ಷಣೆ ಇಳಿಯುತ್ತದೆ. ಕಲ್ಲು ಕೆಲವು ಅಡಿ ಹೆಚ್ಚು ದೂರ ಹೋಗುತ್ತದೆ, ಬಾಗುವುದೂ ಕಡಿಮೆಯಾಗುತ್ತದೆ. ಕೈ ಬಿಟ್ಟ ಕಲ್ಲನ್ನು ದಾರಿಯಲ್ಲೇ ತಿದ್ದುವ ಉಪಾಯ ಇದೊಂದೇ. ಹಾಗೆ ಉಜ್ಜುವಾಗ ಆಟಗಾರ್ತಿ ತನ್ನ ಮೈಭಾರವನ್ನೆಲ್ಲ ಬ್ರಷ್ಷಿನ ಮೇಲೆ ಹಾಕಿ, ಜಾರುವ ನೆಲದ ಮೇಲೆ ಕಲ್ಲಿನ ಜತೆಜತೆಗೇ ಓಡಬೇಕು. ಬ್ರಷ್ಷಾಗಲಿ ಬೂಟಾಗಲಿ ಓಡುವ ಕಲ್ಲಿಗೆ ತಾಗಬಾರದು. ತಾಗಿದರೆ ಅಂಪೈರ್ ಸೀಟಿ ಊದುವವರೆಗೆ ಕಾಯುವುದಿಲ್ಲ. ತಾಗಿಸಿದವರೇ ಬಾಯಿಬಿಟ್ಟು ಹೇಳಬೇಕೆಂಬುದು ಈ ಆಟದ ರೂಢಿ. ಎಂಡ್ ಮುಗಿದಾಗ ಅಂಕವೆಷ್ಟೆಂದು ಎರಡೂ ತಂಡಗಳವರೇ ಮಾತಾಡಿ ಒಪ್ಪಿಕೊಳ್ಳುತ್ತಾರೆ, ಕಣ್ಣಳತೆಗೆ ಸಿಗದಿದ್ದರೆ ಮಾತ್ರ ಅಳತೆಯ ಸಾಧನ ತರಿಸುತ್ತಾರೆ. ಗೆಲ್ಲುವ ದಾರಿ ಮುಚ್ಚಿದೆಯೆಂದು ಕಂಡರೆ ಎದುರಾಳಿಯ ಕೈಕುಲುಕಿ ಆಟ ಬಿಟ್ಟುಕೊಡುವುದು ಇಲ್ಲಿ ಮರ್ಯಾದೆಯ ನಡೆ. ನಮ್ಮ ಶಾಲಾ ಪಂದ್ಯಾಟಗಳಲ್ಲಿ ಲೈನ್ ಅಂಪೈರುಗಳು ಹೆತ್ತವರಿಂದ ಕೇಳುವ ಮಾತುಗಳನ್ನು ಬಲ್ಲ ನನಗೆ ಇದು ಬೇರೆ ಲೋಕದ ಆಟದಂತೆ ಕಂಡದ್ದು ನಿಜ.

ಬ್ರಷ್ಷೇ ಈ ಆಟದ ಜೀವವಲ್ಲ ಎನ್ನಲು ಚೀನಾದ್ದೇ ಇನ್ನೊಂದು ಸಾಕ್ಷಿಯಿದೆ. ಪ್ಯಾರಾಲಿಂಪಿಕ್ಸ್‌ನ ವೀಲ್‌ಚೇರ್ ಕರ್ಲಿಂಗ್‌ನಲ್ಲಿ ಉಜ್ಜುವ ಪದ್ಧತಿಯೇ ಇಲ್ಲ. ಕುರ್ಚಿಯಲ್ಲಿ ಕುಳಿತು ಉದ್ದನೆಯ ಕೋಲಿನಿಂದ ಕಲ್ಲನ್ನು ತಳ್ಳಿದರೆ ಮುಗಿಯಿತು, ಅದು ಎಲ್ಲಿ ನಿಂತಿತೋ ಅಲ್ಲಿಗೆ ಲೆಕ್ಕ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಚೀನಾ ತಂಡ ನಾರ್ವೆಯನ್ನು 6-5ರಿಂದ ಸೋಲಿಸಿ ಚಿನ್ನ ಗೆದ್ದಿತು. ಚಳಿಗಾಲದ ಪ್ಯಾರಾಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಸಿಕ್ಕ ಮೊತ್ತಮೊದಲ ಪದಕವೇ ಅದು. 2022ರಲ್ಲಿ ಬೀಜಿಂಗ್‌ನಲ್ಲಿ ಸ್ವೀಡನ್ನನ್ನು 8-3ರಿಂದ ಮಣಿಸಿ ಪಟ್ಟ ಉಳಿಸಿಕೊಂಡಿತು. ಮಹಿಳೆಯರೂ ಪುರುಷರೂ ಕೂಡಿಯೇ ಆಡಬೇಕಾದ ಈ ತಂಡದಲ್ಲಿ ಮೊದಲ ಸಲ ವಾಂಗ್ ಮೆಂಗ್, ಎರಡನೆಯ ಸಲ ಯಾನ್ ಝುವೊ ಎಂಬ ಮಹಿಳೆಯರು ಇದ್ದರು. ಹಿಡಿಸೂಡಿ ಇಲ್ಲದ ಆ ಚಿನ್ನಕ್ಕೆ ನಿಮ್ಮ ಪುರವಣಿ ಯಾವ ಅಡಿಬರಹ ಕೊಟ್ಟೀತೆಂಬ ಕುತೂಹಲ ನನಗಿದೆ.

ಹಾಗಾದರೆ ಆ ಚಿತ್ರದಲ್ಲಿ ವಾಂಗ್ ಬಿಂಗ್ಯು ಕೂಗುತ್ತಿದ್ದುದು ಏಕೆ? ಆಕೆ ತಂಡದ ‘ಸ್ಕಿಪ್’. ಉಳಿದ ಮೂವರು ಎಸೆಯುವಾಗ ಸ್ಕಿಪ್ ಆಚೆ ತುದಿಯ ವೃತ್ತದಲ್ಲಿ ನಿಂತು ತನ್ನ ಬ್ರಷ್ಷನ್ನು ಮಂಜಿಗೆ ಊರಿ ಗುರಿ ತೋರಿಸುತ್ತಾಳೆ. ಆ ಗುರಿ ಕಲ್ಲು ಕೊನೆಗೆ ನಿಲ್ಲಬೇಕಾದ ಜಾಗವಲ್ಲ. ಬಾಗು ಎಷ್ಟೆಂದು ಅಂದಾಜಿಸಿ ಅಷ್ಟು ಪಕ್ಕಕ್ಕೆ ಸರಿದು ಕೊಟ್ಟ ಜಾಗ. ಎಸೆಯುವವಳು ಆ ಬ್ರಷ್ಷನ್ನೇ ನಂಬಿ ಬಿಡಬೇಕು. ಕಲ್ಲು ಹೊರಟ ಮೇಲೆ ಅದರ ವೇಗವನ್ನು ಉಜ್ಜುವವರು ಅಳೆಯುತ್ತಾರೆ, ಅದು ಸಾಗುವ ದಾರಿಯನ್ನು ಸ್ಕಿಪ್ ಅಳೆಯುತ್ತಾಳೆ. ಕಲ್ಲು ಆ ತುದಿಯಿಂದ ಈ ತುದಿಗೆ ಬಂದು ಮುಟ್ಟುವ ಅರೆನಿಮಿಷದೊಳಗೆ ಉಜ್ಜಿ, ನಿಲ್ಲಿಸಿ, ಮತ್ತೆ ಉಜ್ಜಿ ಎಂಬ ಆಜ್ಞೆಗಳು ಹೋಗುತ್ತಿರಬೇಕು. ತಂಡದ ಕೊನೆಯ ಎರಡು ಕಲ್ಲುಗಳನ್ನು ಎಸೆಯುವವಳೂ ಸಾಮಾನ್ಯವಾಗಿ ಅವಳೇ. ಎಂಡ್‌ನ ಮೊದಲ ಕಲ್ಲಿನಿಂದ ತಾನೇ ಕಟ್ಟುತ್ತಾ ಬಂದ ಲೆಕ್ಕವನ್ನು ಕೊನೆಗೆ ತನ್ನ ಕೈಯಾರೆ ತೀರಿಸಬೇಕು. ಕಲ್ಲಿನ ಹಿಡಿಯ ಒಳಗಿನ ಸೆನ್ಸರ್, ನಿಗದಿತ ಗೆರೆಗೆ ಮುಂಚೆ ಕೈ ಬಿಟ್ಟಳೋ ಇಲ್ಲವೋ ಎಂದು ಕೆಂಪು, ಹಸಿರು ದೀಪದಲ್ಲಿ ತೋರಿಸುತ್ತದೆ. ಉಳಿದ ತೀರ್ಪುಗಳೆಲ್ಲ ಅವಳ ತಲೆಯೊಳಗೇ ಆಗಬೇಕಾದವು.

ಈ ವಿದ್ಯೆಯನ್ನು ಆಕೆ ಕಲಿತದ್ದು ಕರ್ಲಿಂಗ್‌ನ ಪರಂಪರೆಯೇ ಇಲ್ಲದ ದೇಶದಲ್ಲಿ. ಆಕೆ ಹುಟ್ಟಿದ್ದು 1984ರಲ್ಲಿ, ಚೀನಾದ ಈಶಾನ್ಯ ತುದಿಯ ಹೈಲಾಂಗ್‌ಜಿಯಾಂಗ್ ಪ್ರಾಂತ್ಯದ ರಾಜಧಾನಿ ಹಾರ್ಬಿನ್‌ನಲ್ಲಿ. ಮಂಜಿನ ಶಿಲ್ಪಗಳ ಹಬ್ಬಕ್ಕೆ ಹೆಸರಾದ ಊರದು. ಸ್ಕೇಟಿಂಗ್, ಐಸ್ ಹಾಕಿಗಳಿಗೆ ಅಲ್ಲಿ ಹಳೆಯ ನೆಲೆಯಿತ್ತು, ಕರ್ಲಿಂಗ್‌ಗೆ ಇರಲಿಲ್ಲ. 1990ರ ದಶಕದ ನಡುವಿನಲ್ಲಿ ಹೊರದೇಶದವರು ಬಂದು ಪಾಠ ಹೇಳಿಕೊಟ್ಟ ಮೇಲೆಯೇ ಚೀನೀಯರು ಈ ಕಲ್ಲನ್ನು ಕೈಗೆತ್ತಿಕೊಂಡದ್ದು. ಅದೇ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಈ ಆಟಕ್ಕೆ ಶತಮಾನಗಳ ಇತಿಹಾಸವಿತ್ತು. ಕೆನಡಾದ ಸಣ್ಣಪುಟ್ಟ ಊರುಗಳಲ್ಲೂ ತಾತ, ಅಪ್ಪ, ಮೊಮ್ಮಗಳು ಒಂದೇ ಕ್ಲಬ್ಬಿನಲ್ಲಿ ಆಡುತ್ತಿದ್ದರು.

ವಾಂಗ್ ಜತೆಗಿದ್ದವರು ಲಿಯು ಯಿನ್, ಯುಯೆ ಚಿಂಗ್‌ಶುವಾಂಗ್ ಮತ್ತು ಝೋ ಯಾನ್. ಚೀನಾದ ಮಹಿಳೆಯರು ವಿಶ್ವ ಚಾಂಪಿಯನ್‌ಷಿಪ್‌ಗೆ ಮೊದಲು ಕಾಲಿಟ್ಟದ್ದು 2005ರಲ್ಲಿ, ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ. ಮನೆಯಲ್ಲಿ ಎದುರಾಳಿಗಳೇ ಇಲ್ಲದ ಕಾರಣ ಅವರು ಚಳಿಗಾಲದ ತಿಂಗಳುಗಳನ್ನು ಕೆನಡಾದಲ್ಲಿ ಕಳೆದು, ಅಲ್ಲಿನ ಪಂದ್ಯಾವಳಿಗಳಲ್ಲಿ ಆಡಿ ಪಳಗಿದರು. ಡೇನಿಯಲ್ ರಾಫೆಲ್ ಎಂಬ ಕೆನಡಾದ ತರಬೇತುದಾರರೂ ಅವರ ಜತೆಗೂಡಿದರು. 2008ರಲ್ಲಿ ಕೆನಡಾದ ವರ್ನನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫೈನಲ್ ತಲುಪಿ, ಜೆನಿಫರ್ ಜೋನ್ಸ್ ಅವರ ಕೆನಡಾ ತಂಡಕ್ಕೆ ಸೋತು ಬೆಳ್ಳಿ ಪಡೆದಾಗ ಕರ್ಲಿಂಗ್ ಲೋಕವೇ ತಲೆಯೆತ್ತಿ ನೋಡಿತು. ಕಲಿಸಿದವರ ಊರಿನಲ್ಲೇ ಅವರೊಡನೆ ಫೈನಲ್ ಆಡಿದ್ದು ಸಣ್ಣ ಮಾತೇನಲ್ಲ.

2009 ಆಕೆಯ ವರ್ಷ. ಫೆಬ್ರವರಿಯಲ್ಲಿ ತವರೂರು ಹಾರ್ಬಿನ್‌ನಲ್ಲೇ ನಡೆದ ವಿಶ್ವ ವಿಶ್ವವಿದ್ಯಾಲಯಗಳ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ. ಮಾರ್ಚ್ ಕೊನೆಗೆ ದಕ್ಷಿಣ ಕೊರಿಯಾದ ಗಂಗ್ನಂಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಫೈನಲ್‌ನಲ್ಲಿ ಎದುರು ನಿಂತದ್ದು ಸ್ವೀಡನ್ನಿನ ಅನೆಟ್ಟೆ ನೋರ್ಬರ್ಗ್, ಅಂದರೆ 2006ರ ಒಲಿಂಪಿಕ್ ಚಿನ್ನವನ್ನು ಕೈಯಲ್ಲಿಟ್ಟುಕೊಂಡಿದ್ದ, ಮುಂದಿನ ವರ್ಷ ಮತ್ತೆ ಅದನ್ನೇ ಗೆಲ್ಲಲಿದ್ದ ನಾಯಕಿ. ಚೀನಾ 8-6ರಿಂದ ಗೆದ್ದಿತು. ಪೇಸ್ಲಿಯಿಂದ ಗಂಗ್ನಂಗ್‌ಗೆ ಹಿಡಿದದ್ದು ನಾಲ್ಕೇ ವರ್ಷ.

ಮರುವರ್ಷ ವ್ಯಾಂಕೂವರ್. ನೀವು ಅಚ್ಚು ಹಾಕಿದ ಚಿತ್ರ ಅಲ್ಲಿನದು. ಲೀಗ್ ಹಂತದ ಒಂಬತ್ತು ಪಂದ್ಯಗಳಲ್ಲಿ ಆರನ್ನು ಗೆದ್ದು ಚೀನಾ ಸೆಮಿಫೈನಲ್‌ಗೆ ಬಂತು. ಅಲ್ಲಿ ಮತ್ತದೇ ನೋರ್ಬರ್ಗ್ ಎದುರಾದರು, ಈ ಸಲ 4-9ರ ಸೋಲು. ವಿಶ್ವ ಚಾಂಪಿಯನ್ನರೆಂಬ ಪಟ್ಟ ಹೊತ್ತು ಬಂದವರಿಗೆ ಆ ಸೋಲು ಎಷ್ಟು ಕಹಿಯೋ, ಅದನ್ನು ನುಂಗಿ ಕಂಚಿನ ಪಂದ್ಯಕ್ಕೆ ಇಳಿಯುವುದು ಅದಕ್ಕಿಂತ ಕಷ್ಟ. ಮೈದಾನದ ಪಕ್ಕ ನಿಂತು ಮಕ್ಕಳನ್ನು ಆಡಿಸಿದ ಯಾವ ಶಿಕ್ಷಕರನ್ನು ಕೇಳಿದರೂ ಹೇಳಿಯಾರು: ಫೈನಲ್‌ನಲ್ಲಿ ಸೋತವರನ್ನು ಸಮಾಧಾನ ಮಾಡಬಹುದು, ಸೆಮಿಫೈನಲ್‌ನಲ್ಲಿ ಸೋತು ಮೂರನೆಯ ಸ್ಥಾನಕ್ಕೆ ಆಡಬೇಕಾದವರನ್ನು ಎಬ್ಬಿಸಿ ನಿಲ್ಲಿಸುವುದೇ ದೊಡ್ಡ ಪಾಡು. ವಾಂಗ್ ತಂಡ ಸ್ವಿಟ್ಜರ್ಲೆಂಡಿನ ಮಿರಿಯಾಂ ಓಟ್ ತಂಡದ ಮೇಲೆ 12-6ರಿಂದ ಗೆದ್ದಿತು. ಒಲಿಂಪಿಕ್ ಕರ್ಲಿಂಗ್‌ನಲ್ಲಿ ಏಷ್ಯಾ ಖಂಡಕ್ಕೆ ದಕ್ಕಿದ ಮೊದಲ ಪದಕ ಅದು. ಕೊರಿಯಾ, ಜಪಾನ್ ಮಹಿಳೆಯರು ಬೆಳ್ಳಿ, ಕಂಚು ಗೆದ್ದು ಮನೆಮಾತಾದದ್ದು ಅದಾಗಿ ಎಂಟು ವರ್ಷಗಳ ಮೇಲೆ.

ಸಾಮಾನ್ಯವಾಗಿ ಪತ್ರಿಕೆಗಳು ಕ್ರೀಡಾಪಟುವಿನ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತವೆ, ಇಲ್ಲವೇ ‘ಅನಂತರ ಫಾರ್ಮ್ ಕಳೆದುಕೊಂಡರು’ ಎಂಬ ಒಂದು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಆಕೆಯ ಬಗ್ಗೆ ಗೌರವ ಹೆಚ್ಚಿದ್ದು ಅಲ್ಲಿಂದಾಚೆಗೆ. 2011ರಲ್ಲಿ ಡೆನ್ಮಾರ್ಕಿನ ಎಸ್‌ಬ್ಯರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಕಂಚು ಬಂತು. ವಿಶ್ವಮಟ್ಟದಲ್ಲಿ ಆಕೆಯ ತಂಡದ ಕೊನೆಯ ಪದಕ ಅದು. 2014ರ ಸೋಚಿ ಒಲಿಂಪಿಕ್ಸ್‌ಗೆ ಅದೇ ನಾಲ್ವರು ಹೋದರು. ನಾಲ್ಕು ಗೆಲುವು, ಐದು ಸೋಲು, ಏಳನೆಯ ಸ್ಥಾನ. ಆ ಬಳಿಕ ಆಕೆ ಕೆಲಕಾಲ ಆಟದಿಂದ ದೂರ ಸರಿದರು. ಮತ್ತೆ ಬಂದಾಗ ಹಳೆಯ ನಾಲ್ವರಲ್ಲಿ ಝೋ ಯಾನ್ ಮಾತ್ರ ಜತೆಗಿದ್ದರು, ಉಳಿದವರು ಹೊಸಬರು. 2017ರ ಫೆಬ್ರವರಿಯಲ್ಲಿ ಜಪಾನಿನ ಸಪ್ಪೊರೋದಲ್ಲಿ ನಡೆದ ಏಷ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್‌ಗೆ ಮಾತ್ರ ನೇರ ಅರ್ಹತೆ ಸಿಗಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಜೆಕ್ ಗಣರಾಜ್ಯದ ಪ್ಲ್ಜೆನ್ ನಗರದಲ್ಲಿ ಉಳಿದ ಸ್ಥಾನಗಳಿಗಾಗಿ ನಡೆದ ಅರ್ಹತಾ ಪಂದ್ಯಾವಳಿಯಲ್ಲಿ, ಎಂಟು ವರ್ಷಗಳ ಹಿಂದೆ ವಿಶ್ವ ಚಾಂಪಿಯನ್ ಆಗಿದ್ದಾಕೆ ಸಾಲಿನಲ್ಲಿ ನಿಂತು ಟಿಕೆಟ್ ಗಿಟ್ಟಿಸಬೇಕಾಯಿತು. ಗಿಟ್ಟಿಸಿದರು.

2018ರ ಒಲಿಂಪಿಕ್ಸ್‌ನ ಕರ್ಲಿಂಗ್ ನಡೆದದ್ದು ಗಂಗ್ನಂಗ್‌ನಲ್ಲಿ, 2009ರಲ್ಲಿ ಆಕೆ ವಿಶ್ವಪಟ್ಟ ಗೆದ್ದ ಕಟ್ಟಡದಲ್ಲಿಯೇ. ಅದನ್ನು ನವೀಕರಿಸಿ ಒಲಿಂಪಿಕ್ಸ್‌ಗೆ ಸಜ್ಜುಗೊಳಿಸಿದ್ದರು. ಚೀನಾ ಮತ್ತೆ ನಾಲ್ಕು ಗೆದ್ದು ಐದು ಸೋತಿತು, ಸೆಮಿಫೈನಲ್ ಸಿಗಲಿಲ್ಲ. ಆ ದಿನಗಳಲ್ಲಿ ಕೊರಿಯಾದ ಕಿಮ್ ಯುನ್‌ಜಂಗ್ ತಂಡವೇ ಎಲ್ಲರ ಬಾಯಲ್ಲಿತ್ತು. ಏಷ್ಯಾದ ತಂಡವೊಂದು ಈ ಆಟದಲ್ಲಿ ಗೆಲ್ಲಬಹುದು ಎಂದು ಮೊದಲು ತೋರಿಸಿಕೊಟ್ಟಾಕೆ ಅದೇ ಅಂಕಣಗಳ ಮೇಲೆ ಆಡುತ್ತಿದ್ದುದನ್ನು ನೆನಪಿಸಿದ ವರದಿಗಳು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತಬಹುದು. ಚೀನಾದಲ್ಲಿ ಸರಕಾರವೇ ಎಳೆಯ ಮಕ್ಕಳನ್ನು ಆರಿಸಿ ತರಬೇತಿಗೆ ಹಾಕುತ್ತದೆ, ಹಣ ಸುರಿಯುತ್ತದೆ, ಅಲ್ಲಿ ಪದಕ ಬರುವುದರಲ್ಲಿ ಏನು ಹೆಚ್ಚುಗಾರಿಕೆ ಎಂದು. ಈ ಮಾತಿನಲ್ಲಿ ಅರ್ಧ ಹುರುಳಿದೆ. ಕೈಬೆರಳೆಣಿಕೆಯ ಆಟಗಾರರನ್ನು ಆರಿಸಿ, ಅವರನ್ನೇ ವರ್ಷಗಟ್ಟಲೆ ಬೆಳೆಸುವ ವ್ಯವಸ್ಥೆ ಬೇಗ ಫಲ ಕೊಡುತ್ತದೆ. ಆದರೆ ಆ ಕೆಲವರು ದಣಿದಾಗ ಹಿಂದೆ ಬರುವವರ ಸಾಲು ತೆಳುವಾಗಿರುತ್ತದೆ. 2008ರ ಬೆಳ್ಳಿ, 2009ರ ಚಿನ್ನ, 2010ರ ಕಂಚು, 2014ರ ಏಳನೆಯ ಸ್ಥಾನ, ಎಲ್ಲದರಲ್ಲೂ ಅದೇ ನಾಲ್ಕು ಹೆಸರುಗಳಿರುವುದು ಆ ತಂಡದ ಒಗ್ಗಟ್ಟಿಗೆ ಎಷ್ಟು ಸಾಕ್ಷಿಯೋ ಆ ವ್ಯವಸ್ಥೆಯ ಬಡತನಕ್ಕೂ ಅಷ್ಟೇ ಸಾಕ್ಷಿ. ಆದರೆ ಕರ್ಲಿಂಗ್ ದೇಹಬಲವೊಂದರಿಂದಲೇ ಗೆಲ್ಲುವ ಆಟವಲ್ಲ. ಕೊನೆಯ ಕಲ್ಲು ಕೈಯಲ್ಲಿರುವಾಗ ಯಾವ ಸರಕಾರವೂ ಬಂದು ಮಂಜಿನ ಬಾಗನ್ನು ಓದಿ ಹೇಳುವುದಿಲ್ಲ. ನಿಯಮಗಳ ಪ್ರಕಾರ ಈಗ ಹತ್ತು ಎಂಡ್‌ಗಳ ಪಂದ್ಯದಲ್ಲಿ ಒಂದು ತಂಡಕ್ಕೆ ಯೋಚಿಸಲು ಸಿಗುವುದು ಒಟ್ಟು 38 ನಿಮಿಷ. ಅದರೊಳಗೆ ನಾಯಕಿ ನೂರಾರು ತೀರ್ಮಾನ ತೆಗೆದುಕೊಳ್ಳಬೇಕು. ವ್ಯವಸ್ಥೆಯನ್ನು ಟೀಕಿಸೋಣ, ಆಟಗಾರ್ತಿಯ ಪಾಲನ್ನು ಆಕೆಗೆ ಕೊಡೋಣ.

ಮುಂದಿನ ಪೀಳಿಗೆಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ವಾಂಗ್ ರುಯಿ ಎಂಬ ಯುವತಿ ಬಾ ದೆಶಿನ್ ಜತೆ 2016ರ ವಿಶ್ವ ಮಿಶ್ರ ಡಬಲ್ಸ್‌ನಲ್ಲಿ ಬೆಳ್ಳಿ ಗೆದ್ದರು. 2022ರಲ್ಲಿ ಬೀಜಿಂಗ್‌ನಲ್ಲಿ ಹಾನ್ ಯು ನಾಯಕತ್ವದ ಮಹಿಳಾ ತಂಡ, ನಂಬಿದರೆ ನಂಬಿ, ಮತ್ತೊಮ್ಮೆ ನಾಲ್ಕು ಗೆದ್ದು ಐದು ಸೋತಿತು. ಆ ಪಂದ್ಯಗಳು ನಡೆದ ಸಭಾಂಗಣ ಮಾತ್ರ ಒಂದು ವಿಶೇಷ. 2008ರಲ್ಲಿ ಮೈಕಲ್ ಫೆಲ್ಪ್ಸ್ ಎಂಟು ಚಿನ್ನ ಬಾಚಿದ ಈಜುಕೊಳದ ‘ವಾಟರ್ ಕ್ಯೂಬ್’ ಅದೇ. ಕೊಳದ ನೀರು ಖಾಲಿ ಮಾಡಿ, ಒಳಗೆ ಉಕ್ಕಿನ ಚೌಕಟ್ಟು ನಿಲ್ಲಿಸಿ, ಅದರ ಮೇಲೆ ನೆಲ ಹಾಸಿ ಮಂಜುಗಡ್ಡೆ ಕಟ್ಟಿದರು. ಕೂಟ ಮುಗಿದ ಮೇಲೆ ಬಿಚ್ಚಿ ಮತ್ತೆ ಈಜಲೂ ಬರುವಂತೆ. ಕಟ್ಟಿದ ಕ್ರೀಡಾ ಸೌಕರ್ಯಗಳು ಒಂದು ಕೂಟದ ಬಳಿಕ ಹುಲ್ಲು ಬೆಳೆದು ಕೂರುವುದನ್ನು ಕಂಡ ನಮ್ಮ ಓದುಗರಿಗೆ, ‘ಹೀಗೂ ಆಟಗಳುಂಟು’ ಎಂಬುದಕ್ಕಿಂತ ‘ಹೀಗೂ ಕಟ್ಟಡಗಳುಂಟು’ ಎಂಬ ಒಂದು ಬರಹ ಹೆಚ್ಚು ಉಪಯೋಗವಾದೀತು.

ಸಾವಿರಾರು ಮೈಲಿ ಆಚೆಯ, ನಮ್ಮ ಊರಲ್ಲಿ ಯಾರೂ ಆಡದ ಆಟದ ಬಗ್ಗೆ ಈಕೆಗೇಕೆ ಇಷ್ಟು ಉಮೇದು ಎಂದು ತಾವು ಕೇಳಬಹುದು. ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಭಾರತದ ಮಹಿಳಾ ಕಬಡ್ಡಿ ತಂಡದಲ್ಲಿ ಆಡಿ 2010ರಲ್ಲಿ ಗುವಾಂಗ್‌ಝೌನಲ್ಲಿ, 2014ರಲ್ಲಿ ಇಂಚಿಯಾನ್‌ನಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಏಷ್ಯನ್ ಗೇಮ್ಸ್‌ನಲ್ಲಿ ಮಹಿಳಾ ಕಬಡ್ಡಿ ಸೇರಿದ್ದೇ 2010ರಲ್ಲಿ. ಹಾಗಾಗಿ ಮೊದಲ ಚಿನ್ನದಲ್ಲೇ ನಮ್ಮ ಕಾರ್ಕಳದ ಪಾಲಿದೆ. ಆ ಚಿನ್ನವನ್ನು ನೋಡಿ ಚೀನಾದ ಯಾವುದೋ ಪತ್ರಿಕೆ ‘ಭಾರತೀಯ ಹೆಂಗಸರ ಉಸಿರು ಬಿಗಿಹಿಡಿದು ಕಾಲೆಳೆಯುವ ಆಟ’ ಎಂದು ಹೆಸರಿಲ್ಲದ ಚಿತ್ರವೊಂದನ್ನು ಅಚ್ಚು ಹಾಕಿದ್ದರೆ ನಮಗೆ ಹೇಗಾಗುತ್ತಿತ್ತು? ಹೆರ್ಮುಂಡೆಯ ಓದುಗರು ಸುಮ್ಮನಿರುತ್ತಿದ್ದರೆಂದು ನನಗನಿಸುವುದಿಲ್ಲ.

ಇನ್ನೊಂದು ಮಾತು, ಇದು ನಿಮ್ಮೊಂದು ಪತ್ರಿಕೆಗಷ್ಟೇ ಸಂಬಂಧಿಸಿದ್ದಲ್ಲ. ನಮ್ಮ ಕರಾವಳಿಯ ಪತ್ರಿಕೆಗಳಲ್ಲಿ ಶಾಲಾ ಪಂದ್ಯಾಟದ ವರದಿ ಹೇಗಿರುತ್ತದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ವೇದಿಕೆಯಲ್ಲಿ ಉಪಸ್ಥಿತರಿದ್ದ ಎಲ್ಲ ಗಣ್ಯರು, ಸ್ವಾಗತಿಸಿದ ಮುಖ್ಯ ಶಿಕ್ಷಕರು, ನಿರೂಪಿಸಿದವರು, ವಂದಿಸಿದವರು, ಹೀಗೆ ಹತ್ತು ಹದಿನೈದು ಹೆಸರುಗಳು ಒಂದೂ ತಪ್ಪದೆ ಬರುತ್ತವೆ. ಗೆದ್ದ ಹುಡುಗಿಯರು ಶಾಲೆಯ ಹೆಸರಿನೊಳಗೆ ಕರಗಿಹೋಗುತ್ತಾರೆ. ಚಿತ್ರದಲ್ಲಿ ಅವರು ನೆಲದ ಮೇಲೆ ಕುಳಿತಿರುತ್ತಾರೆ, ಟ್ರೋಫಿಯನ್ನು ಹಿಂದೆ ನಿಂತ ಗಣ್ಯರು ಹಿಡಿದಿರುತ್ತಾರೆ. ನನ್ನ ತಂಡದ ಹುಡುಗಿಯೊಬ್ಬಳು ಜಿಲ್ಲಾಮಟ್ಟದ ಕಬಡ್ಡಿಯಲ್ಲಿ ಕೊನೆಯ ರೈಡಿನಲ್ಲಿ ಇಬ್ಬರನ್ನು ತಾಗಿ ಗೆರೆ ಮುಟ್ಟಿ ಪಂದ್ಯ ಗೆಲ್ಲಿಸಿಕೊಟ್ಟ ಮರುದಿನ, ಅವಳ ತಾಯಿ ಪೇಪರ್ ಹಿಡಿದುಕೊಂಡು ಶಾಲೆಗೆ ಬಂದು ‘ಟೀಚರೇ, ಇದರಲ್ಲಿ ನಮ್ಮವಳ ಹೆಸರು ಎಲ್ಲಿ ಉಂಟು, ಸ್ವಲ್ಪ ತೋರಿಸಿ’ ಎಂದು ಕೇಳಿದ್ದರು. ಅವರಿಗೆ ಓದು ಬಾರದು. ಹೆಸರು ಇಲ್ಲವೆಂದು ನಾನು ಹೇಳಬೇಕಾಯಿತು. ಆ ಪತ್ರಿಕೆ ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಆ ದಿನ ಎಲ್ಲ ಪತ್ರಿಕೆಗಳ ವರದಿಯೂ ಒಂದೇ ಅಚ್ಚಿನದಾಗಿತ್ತು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳಿವೆ. ಮುಂದಿನ ಭಾನುವಾರ, ಚಿಕ್ಕ ಪೆಟ್ಟಿಗೆಯಲ್ಲಾದರೂ ಸರಿ, ಚಿತ್ರದಲ್ಲಿದ್ದವರು ವಾಂಗ್ ಬಿಂಗ್ಯು ನಾಯಕತ್ವದ ಚೀನಾ ತಂಡ, 2009ರ ವಿಶ್ವ ಚಾಂಪಿಯನ್ನರು, 2010ರ ಒಲಿಂಪಿಕ್ ಕಂಚಿನ ವಿಜೇತರು ಎಂದು ಪ್ರಕಟಿಸಿ. ಎರಡನೆಯದು ತಮ್ಮ ಜಿಲ್ಲಾ ವರದಿಗಾರರಿಗೆ ಸಂಬಂಧಿಸಿದ್ದು. ಈ ವರ್ಷದ ತಾಲೂಕು ಮಟ್ಟದ ಬಾಲಕಿಯರ ಕಬಡ್ಡಿ ಪಂದ್ಯಾಟ ಮುಗಿದಾಗ ಅಂಕಣಕ್ಕಿಳಿದ ಏಳು ಹುಡುಗಿಯರ ಹೆಸರು, ನಾಯಕಿ ಯಾರು, ನಿರ್ಣಾಯಕ ರೈಡ್ ಯಾರದು, ಯಾರು ಯಾರನ್ನು ಹಿಡಿದರು ಎಂಬುದನ್ನು ಬರೆಯಿಸಿ. ಸ್ಥಳ ಸಾಲದೆ ಹೋದರೆ ವಂದನಾರ್ಪಣೆ ಮಾಡಿದವರ ಹೆಸರನ್ನು ಬಿಡಬಹುದು. ಅವರು ಬೇಸರಿಸಲಾರರು, ಬೇಸರಿಸಿದರೆ ನನ್ನ ಹೆಸರು ಹೇಳಿ.

ಇಂತು ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ,
ಕುಂಜಿಬೆಟ್ಟು, ಉಡುಪಿ